ಕೊಪ್ಪರಿಗೆ ಕಡೆಯವರು

ನನ್ನ ತವರಿನ ಕೊಪ್ಪರಿಗೆಯನ್ನು ಕೋರ್ಟಿನವರು ಜಪ್ತಿ ಮಾಡಿದರು ಎಂದು ನಮ್ಮೂರಲ್ಲಿ ಈಗಲೂ ಹೇಳುತ್ತಾರೆ. ಸುಳ್ಳು. ನನ್ನ ಗಂಡನೇ ಅದನ್ನು ಕೊಟ್ಟು ಕಳಿಸಿದ. ನಾಲ್ಕು ಜನರ ಮುಂದೆ ಇದು ನನ್ನ ಹೆಂಡತಿಯದು ಎಂದು ಹೇಳಲು ಅವನಿಗೆ ಮೀಸೆ ಅಡ್ಡ ಬಂತು. ನಡೆದದ್ದು ಅಷ್ಟೇ. ಉಳಿದದ್ದೆಲ್ಲ, ಅಮೀನ, ವಾರಂಟು, ಪಂಚರು, ಗಾಡಿ, ಎಲ್ಲಾ ಆ ಮೀಸೆಯ ಹಿಂದೆ ಬಂದ ಮೆರವಣಿಗೆ.

ಗಂಡನನ್ನು ಅವನು ಎಂದು ಬರೆಸಿದ್ದಕ್ಕೆ ಮೊಮ್ಮಗಳು ಮುಖ ಸಿಂಡರಿಸಿದಳು. ಅವರು ಎಂದು ತಿದ್ದಲಾ ಅಜ್ಜಿ ಎಂದು ಕೇಳಿದಳು. ಬೇಡ ಎಂದೆ. ಬೇರೆ ಕಡೆ ಬೇಕಾದರೆ ಹಾಕಿಕೊಳ್ಳಲಿ, ಈ ಸಂಗತಿಯಲ್ಲಿ ಅವನಿಗೆ ಅಷ್ಟು ಮರ್ಯಾದೆ ಸಲ್ಲುವುದಿಲ್ಲ.

ಕೊಪ್ಪರಿಗೆ ತಾಮ್ರದ್ದು. ಮದುವೆ ಮನೆಯ ಅನ್ನ ಬೇಯುವಂಥದ್ದು. ಎರಡು ಕಡೆ ಹಿಡಿಯಲು ದಪ್ಪ ಬಳೆ, ಅಂಚಿನಲ್ಲಿ ನನ್ನ ಅವ್ವನ ಹೆಸರು. ನನ್ನ ತವರು ಹೊರಕೆರೆದೇವಪುರದ ಆಚೆಗಿನ ಒಂದು ಹಳ್ಳಿ. ಅವ್ವ ಸತ್ತ ಮೇಲೆ ಅಣ್ಣಂದಿರು ಹೊಲ ಹಂಚಿಕೊಂಡರು, ಎತ್ತು ಹಂಚಿಕೊಂಡರು, ಬಾಗಿಲು ಚೌಕಟ್ಟನ್ನೂ ಹಂಚಿಕೊಂಡರು. ಕೊಪ್ಪರಿಗೆಯನ್ನು ಕಡಿದು ಹಂಚಲು ಬರುವುದಿಲ್ಲವಲ್ಲ, ನನಗೆ ಕೊಟ್ಟರು. ಪ್ರೀತಿಯಿಂದ ಕೊಟ್ಟರೆಂದು ತಿಳಿಯಬೇಡಿ. ಒಬ್ಬನ ಮನೆಗೆ ಹೋದರೆ ಇನ್ನೊಬ್ಬನ ಹೆಂಡತಿ ಊಟ ಬಿಟ್ಟು ಮಲಗುತ್ತಿದ್ದಳು, ಅದಕ್ಕೆ ಕೊಟ್ಟರು.

ಆಗ ನಮ್ಮ ಕಡೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಗಳಿರಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ಮದುವೆ, ತಿಥಿ, ಗೃಹಪ್ರವೇಶ ಏನೇ ಆದರೂ ನನ್ನ ಕೊಪ್ಪರಿಗೆ ಹೋಗಬೇಕು. ಬಾಡಿಗೆ ಎಂದು ಕೇಳುವ ಹಾಗಿಲ್ಲ, ಕೇಳಿದರೆ ಮರ್ಯಾದೆ ಹೋಗುತ್ತದೆ. ಆದರೆ ಅನ್ನ ಬೇಯಿಸಿಕೊಂಡ ಪಾತ್ರೆಯನ್ನು ಬರಿದು ಮಾಡಿ ಹಿಂದಕ್ಕೆ ತರುವ ಹಾಗೂ ಇಲ್ಲ. ತಳದಲ್ಲಿ ಅಕ್ಕಿ, ಬೆಲ್ಲ, ಒಂದು ತೆಂಗಿನಕಾಯಿ, ಉಳ್ಳವರಾದರೆ ಒಂದು ಕುಪ್ಪಸದ ಬಟ್ಟೆ ಹಾಕಿಯೇ ತರಬೇಕು. ಗಂಡನ ತೋಟದ ಕಾಯಿಯ ದುಡ್ಡು ಗಂಡನ ಸೊಂಟದಲ್ಲಿರುತ್ತಿತ್ತು. ನಮ್ಮ ಮನೆಯಲ್ಲಿ ಮುದ್ದೆ ಬಿಟ್ಟು ಅನ್ನ ಬೆಂದ ದಿನ ಯಾವುದಾದರೂ ಇದ್ದರೆ ಅದು ಕೊಪ್ಪರಿಗೆ ದುಡಿದು ತಂದ ಅನ್ನ. ಅದಕ್ಕೇ ನಾನೂ ಕಟ್ಟು ಮಾಡಿದ್ದೆ. ಮರದ ಸೌಟು ಬಿಟ್ಟು ಕಬ್ಬಿಣದ್ದು ಹಾಕಬಾರದು, ಹುಳಿ ಸಾರು ಅದರಲ್ಲಿ ರಾತ್ರಿ ಇಡಬಾರದು. ಇಟ್ಟರೆ ಒಳಗಿನ ಕಲಾಯಿ ಹೋಗುತ್ತದೆ. ವರ್ಷಕ್ಕೊಮ್ಮೆ ಬಸ್ಸಿನ ಟಾಪಿನ ಮೇಲೆ ಹಾಕಿಸಿ, ಚಿತ್ರದುರ್ಗಕ್ಕೆ ನಾನೇ ಹೋಗಿ ಕಲಾಯಿ ಮಾಡಿಸಿಕೊಂಡು ಬರುತ್ತಿದ್ದೆ. ಗಂಡ ಒಂದು ಸಲವೂ ಜೊತೆಗೆ ಬಂದವನಲ್ಲ. ಪಾತ್ರೆ ಹೊರುವುದು ಅವನಿಗೆ ನಾಚಿಕೆಯ ಕೆಲಸ.

ಎಮರ್ಜೆನ್ಸಿ ನಡೆಯುತ್ತಿದ್ದ ಕಾಲ. ಈಗ ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುತ್ತವೆ ಎಂದು ರೇಡಿಯೋದವರು ಹೇಳುತ್ತಿದ್ದರು. ನಮ್ಮೂರಿಗೆ ಬಸ್ಸೇ ಇರಲಿಲ್ಲ, ಟಾರು ರಸ್ತೆಯವರೆಗೆ ನಡೆಯಬೇಕಿತ್ತು. ಬಸ್ಸು ಬರದಿದ್ದರೂ ಪೊಲೀಸರು ಬಂದರು. ಯುಗಾದಿಯ ಮಾರನೆ ದಿನ ನಮ್ಮ ಗಂಡಸರು ತೆಂಗಿನ ತೋಟದಲ್ಲಿ ಕಂಬಳಿ ಹಾಸಿಕೊಂಡು ಇಸ್ಪೀಟು ಆಡುವುದು ಅವರಪ್ಪಂದಿರ ಕಾಲದಿಂದ ಇದ್ದದ್ದು. ಆ ವರ್ಷವೂ ಕೂತಿದ್ದರು. ಓಡಲು ಬಂದವರೆಲ್ಲ ಓಡಿದರು. ಸಿಕ್ಕಿಬಿದ್ದವರು ಮೂವರು. ಒಬ್ಬ ನನ್ನ ಗಂಡ. ಇನ್ನೊಬ್ಬ ಅವನ ಅಣ್ಣ, ನನ್ನ ಭಾವ. ಮೂರನೆಯವನು ಪಕ್ಕದ ಮನೆಯವನು. ಅವನು ಮೆಟ್ರಿಕ್ ಫೇಲಾಗಿದ್ದ, ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದ, ಊರವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ. ಅವನು ಬರೆದ ಅರ್ಜಿಯಿಂದ ಯಾರಿಗಾದರೂ ಏನಾದರೂ ಸಿಕ್ಕಿದ್ದನ್ನು ನಾನು ಕಾಣೆ. ಆದರೂ ಬರೆಯುತ್ತಿದ್ದ, ಊರವರೂ ಬರೆಸುತ್ತಿದ್ದರು. ಅವನನ್ನು ಇಲ್ಲಿ ಪೆನ್ನಿನವನು ಎಂದೇ ಕರೆಯುತ್ತೇನೆ.

ಯಾವ ಊರಿನ ಕೋರ್ಟು ಎಂದು ಹೇಳುವುದಿಲ್ಲ. ಪೇಟೆಯ ಕೋರ್ಟು ಎಂದರೆ ಸಾಕು. ಅಲ್ಲಿಂದ ಜಪ್ತಿಗೆ ಬಂದ ಅಮೀನನ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲಿದ್ದಾರೆ, ಅವರ ಮೇಲೆ ನನಗೇನೂ ಸಿಟ್ಟಿಲ್ಲ.

ಕೋರ್ಟಿಗೆ ಹೋಗುವ ಮುಂಚೆ ಪೆನ್ನಿನವನು ಉಳಿದಿಬ್ಬರಿಗೂ ಪಾಠ ಹೇಳಿಕೊಟ್ಟನಂತೆ. ತಪ್ಪಾಯ್ತು ಅನ್ನಬೇಡಿ, ಸಂಪ್ರದಾಯ ಅನ್ನಿ. ನನ್ನ ಗಂಡ ಕಟಕಟೆಯಲ್ಲಿ ನಿಂತು ಅದನ್ನೇ ಹೇಳಿದ. ಸ್ವಾಮಿ, ಇದು ಜೂಜಲ್ಲ, ನಾವು ಪ್ರತಿ ವರ್ಷ ಆಡ್ತೀವಿ ಎಂದ. ಪ್ರತಿ ವರ್ಷವೂನಾ ಎಂದು ಜಡ್ಜ್ ಸಾಹೇಬರು ಕೇಳಿದರಂತೆ. ಒಂದು ವರ್ಷನೂ ಬಿಟ್ಟಿಲ್ಲ ಸ್ವಾಮಿ ಎಂದನಂತೆ. ಅವರು ತಲೆ ಎತ್ತದೆ ಮೂವರಿಗೂ ದಂಡ ಬರೆದರು, ಕಟ್ಟಲು ಗಡುವು ಕೊಟ್ಟರು. ಇದನ್ನು ನನಗೆ ಹೇಳಿದವನು ನನ್ನ ಗಂಡನೇ. ಜಡ್ಜ್ ಎದುರು ಎದೆ ಸೆಟೆಸಿ ಮಾತಾಡಿ ಬಂದೆ ಎಂದು ಹೆಮ್ಮೆಯಿಂದ ಹೇಳಿದ.

ದಂಡ ದೊಡ್ಡದೇನಲ್ಲ. ಒಂದು ಗಾಡಿ ಕಾಯಿ ಹೊಸದುರ್ಗದ ಸಂತೆಗೆ ಹೊಡೆದರೆ ತೀರಿಹೋಗುತ್ತಿತ್ತು. ಆದರೆ ಪೆನ್ನಿನವನು ಕಟ್ಟಬಾರದು ಎಂದ. ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ ಅಂತೆ. ಅಮೀನ ಬಂದಾಗ ಮನೆಯಲ್ಲಿ ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದು ಬರೆದುಕೊಂಡು ಹೋಗಲೇಬೇಕಂತೆ, ಹೀಗೆ ಸುತ್ತಿ ಸುತ್ತಿ ಕೋರ್ಟಿಗೇ ಸಾಕಾಗಿ ಬಿಟ್ಟುಬಿಡುತ್ತದಂತೆ. ಈ ಅಂತೆಗಳನ್ನು ಕೇಳಲು ಮೂವರೂ ಸೇರಿ ಪೇಟೆಗೆ ಎಷ್ಟು ಸಲ ಓಡಾಡಿದರು, ಹೋಟಲಿನಲ್ಲಿ ಎಷ್ಟು ದೋಸೆ ತಿಂದರು ಎಂದು ಕೂಡಿಸಿದರೆ ದಂಡ ಕಟ್ಟಿ ಇನ್ನೂ ಮಿಗುತ್ತಿತ್ತು. ನಾನು ಹೇಳಿದೆ, ಕಟ್ಟಿ ಬಾ ಎಂದು. ಹೆಂಗಸರಿಗೆ ಕಾನೂನು ತಿಳಿಯುವುದಿಲ್ಲ ಎಂದ. ನಾನು ರಾಗಿ ಬೀಸಲು ಕೂತೆ.

ಮಳೆಗಾಲ ಕಳೆಯಿತು. ದೀಪಾವಳಿಯೂ ಆಯಿತು. ನಮ್ಮೂರಿಗೆ ಅಂಟಿಕೊಂಡ ಹಾಗೆ ಕುರಿಗಾರರ ಒಂದು ಹಟ್ಟಿಯಿದೆ. ಅಲ್ಲಿ ಒಂದು ಹುಡುಗಿಗೆ ಮದುವೆ ಗೊತ್ತಾಯಿತು. ಗಂಡಿನವರು ಹಿರಿಯೂರಿನ ಆಚೆ ಹರಿಯಬ್ಬೆ ಕಡೆಯವರು, ಲಾರಿ ಮಾಡಿಕೊಂಡು ಬರುವವರು. ಹುಡುಗಿಯ ಅಪ್ಪ ಕುರಿ ಹಿಂಡಿನ ಹಿಂದೆ ಎಲ್ಲೋ ಇದ್ದ. ಎಲ್ಲ ಓಡಾಟ ತಾಯಿಯದೇ. ಅವಳು ಬಂದು ನನ್ನ ಕೈಗೆ ಎಲೆ ಅಡಿಕೆ ಕೊಟ್ಟು, ಮದುವೆಯ ಹಿಂದಿನ ದಿನ ಕೊಪ್ಪರಿಗೆ ಬೇಕು ಎಂದಳು. ನಾನು ಎಲೆ ಹಾಕಿಕೊಂಡೆ. ಎಲೆ ಹಾಕಿಕೊಂಡ ಮೇಲೆ ಕೊಡಲೇಬೇಕು. ಅಂಥ ಪಾತ್ರೆ ಸುತ್ತಿನಲ್ಲಿ ಬೇರೆ ಇರಲಿಲ್ಲ. ಅಡಕಲು ಮಡಕೆಗಳಲ್ಲಿ ಅಷ್ಟಿಷ್ಟು ಬೇಯಿಸಿಕೊಂಡು ಕೂತರೆ ಬೀಗರು ಊರಿಗೆ ಹೋಗಿ ಅದನ್ನೇ ಹೇಳುತ್ತಾರೆ, ಹುಡುಗಿ ಅದನ್ನು ವರ್ಷಗಟ್ಟಲೆ ಕೇಳಬೇಕು. ಜೊತೆಗೆ ಒಂದು ಸಲ ನಾನು ಮಾತು ತಪ್ಪಿದರೆ ಆಮೇಲೆ ಯಾರು ನನ್ನ ಬಾಗಿಲಿಗೆ ಎಲೆ ಹಿಡಿದು ಬರುತ್ತಾರೆ?

ಅಮೀನ ಬರುತ್ತಾನೆ ಎಂಬ ಸುದ್ದಿ ತಳವಾರನಿಂದ ಗಂಡಸರಿಗೆ ಮುಟ್ಟಿತು. ನಾನು ಅವತ್ತು ಹೊಸದುರ್ಗದ ಸಂತೆಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಅಡಿಗೆ ಮನೆಯ ಮೂಲೆ ಖಾಲಿ. ಕೊಪ್ಪರಿಗೆ ಇದ್ದ ಜಾಗದಲ್ಲಿ ಭಾವನ ಮನೆಯ ಹಿತ್ತಾಳೆ ಬಿಂದಿಗೆ, ದೀಪದ ಕಂಬ, ಅವನ ಹೆಂಡತಿಯ ಸೀರೆ ಪೆಟ್ಟಿಗೆ. ಏನಿದು ಎಂದೆ. ಪೆನ್ನಿನವನು ಜಗಲಿಯ ಮೇಲಿಂದಲೇ ವಿವರಿಸಿದ.

“ನಿಮ್ಮ ಸಾಮಾನು ನನ್ನ ಮನೇಲಿ, ನನ್ನ ಸಾಮಾನು ನಿಮ್ಮ ಭಾವನ ಮನೇಲಿ, ನಿಮ್ಮ ಭಾವಂದು ನಿಮ್ಮ ಮನೇಲಿ. ಅಮೀನ ಯಾರನ್ನ ಕೇಳಿದ್ರೂ ನಂದಲ್ಲ ಅಂತ ಸತ್ಯನೇ ಹೇಳಬೌದು. ಸುಳ್ಳು ಹೇಳೋ ಪಾಪನೂ ಇಲ್ಲ.”

ಗಂಡ ಅವನ ಮುಖವನ್ನು ದೇವರ ಮುಖ ನೋಡುವ ಹಾಗೆ ನೋಡುತ್ತಿದ್ದ. ಕೊಪ್ಪರಿಗೆ ಎಲ್ಲಿಟ್ಟಿದ್ದೀರಿ ಎಂದೆ. ಪೆನ್ನಿನವನ ದನದ ಕೊಟ್ಟಿಗೆಯಲ್ಲಿ, ಎಮ್ಮೆಯ ಪಕ್ಕ. ನಿನ್ನ ಸೈಕಲ್ಲು ಎಲ್ಲಿ ಎಂದೆ. ಅದಕ್ಕೆ ಗಂಡ ದನಿ ತಗ್ಗಿಸಿದ. ಭಾವನ ಹಿತ್ತಲಲ್ಲಿ ಹುಲ್ಲಿನ ಬಣವೆಯನ್ನು ಬಿಚ್ಚಿ, ಕಂಬಳಿ ಸುತ್ತಿ ಸೈಕಲ್ಲನ್ನು ಒಳಗಿಟ್ಟು, ಮತ್ತೆ ಬಣವೆ ಕಟ್ಟಿದ್ದರಂತೆ. ನನ್ನ ಅವ್ವನ ಕೊಪ್ಪರಿಗೆಗೆ ಎಮ್ಮೆಯ ಸಗಣಿ, ಅವನ ಸೈಕಲ್ಲಿಗೆ ಕಂಬಳಿ. ಆ ಸೈಕಲ್ಲಿನ ವಿಚಾರ ನನಗೆ ಹೊಸದಲ್ಲ. ದಿನಾ ಬೆಳಿಗ್ಗೆ ಬಟ್ಟೆಗೆ ಕೊಬ್ಬರಿ ಎಣ್ಣೆ ಅದ್ದಿ ಅದರ ಕಡ್ಡಿ ಕಡ್ಡಿ ಒರೆಸುತ್ತಿದ್ದ. ಅದಕ್ಕೆ ಹಾಕಿದಷ್ಟು ಎಣ್ಣೆ ನನ್ನ ತಲೆ ಕಂಡಿರಲಿಲ್ಲ.

ಬೆಳಿಗ್ಗೆ ಎದ್ದು ಕೊಪ್ಪರಿಗೆ ತಂದುಬಿಡೋಣ ಎಂದುಕೊಂಡೆ. ಮೊದಲು ನೀರಿಗೆ ಹೋದೆ. ಬರುವಷ್ಟರಲ್ಲಿ ಅಮೀನ ಬಂದಾಗಿತ್ತು.

ಕೋರ್ಟಿನವನೆಂದರೆ ಹೇಗಿರುತ್ತಾನೋ ಎಂದು ಊರೆಲ್ಲ ಹೆದರಿತ್ತು. ನೋಡಿದರೆ ಬಡಕಲು ಮನುಷ್ಯ, ಬಣ್ಣ ಹೋದ ಕೋಟು, ಕಂಕುಳಲ್ಲಿ ಕೊಡೆ, ಬಾಯಿ ತುಂಬಾ ಎಲೆಯಡಿಕೆ. ಜೊತೆಗೆ ಒಬ್ಬ ದಪ್ಪ ಜವಾನ. ಬಾಡಿಗೆ ಗಾಡಿಯನ್ನು ಊರ ಮುಂದೆ ನಿಲ್ಲಿಸಿದ್ದರು. ಬಂದವನೇ ಪೆನ್ನಿನವನ ಜಗಲಿಯ ಮೇಲೆ ಕೂತು ಎಳನೀರು ಕೇಳಿದ. ಯಾರ ಮನೆ ಜಪ್ತಿ ಮಾಡಲು ಬಂದಿದ್ದಾನೋ ಅದೇ ಮನೆಯ ಎಳನೀರು. ಕುಡಿದು, ಬುರುಡೆಯೊಳಗಿನ ಗಂಜಿ ಕೆರೆಸಿ ತಿಂದು, ಕೈ ಒರೆಸಿಕೊಂಡು ವಾರಂಟು ತೆಗೆದ. ಸಾಕ್ಷಿ ಹಾಕುವ ಪಂಚರಾಗಿ ಅಂಗಡಿಯವನನ್ನೂ ಕಿವಿ ಮಂದವಾಗಿದ್ದ ಒಬ್ಬ ಹಿರಿಯನನ್ನೂ ಕರೆಸಿದ್ದರು.

ಕೊಟ್ಟಿಗೆಯಿಂದ ಕೊಪ್ಪರಿಗೆಯನ್ನು ಜವಾನ ಹೊರಗೆ ಎಳೆದ. ಇದು ಯಾರದು ಎಂದು ಅಮೀನ ಕೇಳಿದ. ಪೆನ್ನಿನವನು ಇದೇ ಗಳಿಗೆಗೆ ಕಾಯುತ್ತಿದ್ದ. ಎದ್ದು ನಿಂತು, ಇದು ನನ್ನದಲ್ಲ, ಮೂರನೆಯವರ ಸ್ವತ್ತು, ಮೂರನೆಯವರ ಸ್ವತ್ತನ್ನು ಮುಟ್ಟಲು ನಿಮಗೆ ಅಧಿಕಾರವಿಲ್ಲ ಎಂದು ಭಾಷಣ ಮಾಡಿದ. ಆ ಮೂರನೆಯವರು ಯಾರು ಎಂದು ಅಮೀನ ಕೇಳಿದ. ಪೆನ್ನಿನವನು ನನ್ನ ಗಂಡನ ಕಡೆ ಕೈ ತೋರಿಸಿದ.

ಅಮೀನ ಕಾಗದ ನೋಡಿದ. “ಇವನ ಹೆಸರೂ ಇದರಾಗೇ ಐತಲ್ಲಪ್ಪ.”

ಮೂವರ ಮೇಲೂ ವಾರಂಟು ಇದೆ, ಒಬ್ಬನದಲ್ಲ ಎಂದರೆ ಇನ್ನೊಬ್ಬನದಾಯಿತು, ಯಾರದಾದರೂ ಜಪ್ತಿಯೇ. ಇಷ್ಟು ಮಾತ್ರ ಪೆನ್ನಿನವನ ಕಾನೂನಿನಲ್ಲಿ ಬಂದಿರಲಿಲ್ಲ.

ನಾನು ತಲೆಯ ಮೇಲಿನ ಕೊಡ ಇಳಿಸಿ, ಅದು ನನ್ನ ತವರಿನದು ಎಂದು ಹೇಳಿದೆ. ಅಮೀನ ನನ್ನನ್ನು ನೋಡಿದ, ನನ್ನ ಗಂಡನನ್ನು ನೋಡಿದ. ಆ ಒಂದು ಗಳಿಗೆ ಅವನೇನೂ ಕೆಟ್ಟವನಾಗಿರಲಿಲ್ಲ, ಅದನ್ನು ಹೇಳಬೇಕು.

“ಹೆಂಡ್ತಿ ತವರಿಂದ ತಂದದ್ದಾದ್ರೆ ಹೇಳಪ್ಪ,” ಎಂದ. “ಹಂಗಂತ ಬರ್ಕೊಂಡು ಬಿಟ್ಟು ಹೋಗ್ತೀನಿ. ಹೆಂಗಸ್ರ ಸ್ವತ್ತು ನಾವು ಮುಟ್ಟಲ್ಲ.”

ಭಾವ ನೋಡುತ್ತಿದ್ದ. ಅಂಗಡಿಯವನು ನೋಡುತ್ತಿದ್ದ. ಬೇಲಿಯ ಆಚೆ ಊರೇ ನಿಂತಿತ್ತು. ನನ್ನ ಗಂಡ ಮೀಸೆಯ ಮೇಲೆ ಕೈ ಹಾಕಿದ.

“ಹೆಂಡ್ತಿದು ಅಂತ ಬ್ಯಾರೆ ಏನೈತ್ರಿ ಮನೇಲಿ? ಎಲ್ಲಾ ನಂದೇ.”

ಅಮೀನ ಹಾಗೆಯೇ ಬರೆದುಕೊಂಡ. ಪಂಚರು ಹೆಬ್ಬೆಟ್ಟು ಒತ್ತಿದರು. ಅಂಚಿನ ಮೇಲೆ ನನ್ನ ಅವ್ವನ ಹೆಸರಿದೆ, ಓದಿ ನೋಡಿ ಎಂದೆ. ಅವನು ಓದಿದ, ಆಮೇಲೆ ಎಲೆಯಡಿಕೆ ಉಗಿದು ಬಂದ.

“ಪಾತ್ರೆ ಮ್ಯಾಲಿನ ಹೆಸರು ನೋಡ್ಕೊಂಡು ಜಪ್ತಿ ಮಾಡಕ್ಕೆ ಹೋದ್ರೆ ತಾಲ್ಲೂಕಿನ ಪಾತ್ರೆಯೆಲ್ಲಾ ಸತ್ತೋರ್ದೇ ಕಣವ್ವ. ಗಂಡನೇ ನಂದು ಅಂದ ಮ್ಯಾಲೆ ನಾನೇನು ಮಾಡ್ಲಿ?”

ಹೋಗುವಾಗ ಕೊಪ್ಪರಿಗೆಯ ಸುತ್ತ ಒಂದು ಸುತ್ತು ಬಂದು, ಇದರಲ್ಲಿ ಎಷ್ಟು ಅಕ್ಕಿ ಬೇಯುತ್ತದೆ, ತಳ ಹಿಡಿಯುವುದಿಲ್ಲವಾ ಎಂದು ವಿಚಾರಿಸಿದ. ಬೆಲೆ ಕಟ್ಟಲು ಕೇಳುತ್ತಿದ್ದಾನೆ ಎಂದುಕೊಂಡು ಸರಿಯಾಗಿಯೇ ಹೇಳಿದೆ. ಆಮೇಲೆ ಉಳಿದೆರಡು ಮನೆಗೂ ಹೋದ. ಅಲ್ಲಿಯೂ ಅದೇ ಆಟ. ಪೆನ್ನಿನವನ ಗೋಡೆ ಗಡಿಯಾರ ಭಾವನ ಮನೆಯಲ್ಲಿ ಸಿಕ್ಕಿತು, ಭಾವನ ದೀಪದ ಕಂಬ ನಮ್ಮ ಮನೆಯಲ್ಲಿ. ಅವರವರ ಸಾಮಾನು ಅವರವರ ಮನೆಯಲ್ಲೇ ಇದ್ದಿದ್ದರೆ ಹುಡುಕಲು ಒಂದಿಷ್ಟು ಹೊತ್ತಾದರೂ ಹಿಡಿಯುತ್ತಿತ್ತು. ಇವರು ಒಂದೆಡೆ ಗುಡ್ಡೆ ಹಾಕಿ, ಮೇಲೊಂದು ಗೋಣಿ ಹೊದಿಸಿ, ಎತ್ತಿಕೊಂಡು ಹೋಗಲು ಸಿದ್ಧಮಾಡಿ ಇಟ್ಟಿದ್ದರು. ಬಣವೆಯ ಕಡೆ ಮಾತ್ರ ಯಾರೂ ನೋಡಲಿಲ್ಲ.

ಅವತ್ತು ಗಂಡನಿಗೆ ಮುದ್ದೆ ಹಾಕಲಿಲ್ಲ. ಅಣ್ಣನ ಮನೆಯಲ್ಲಿ ಉಂಡು ಬಂದ. ಹೊಟ್ಟೆ ತುಂಬಾ ಉಂಡಿದ್ದ ಎಂದು ತೇಗಿನಲ್ಲೇ ಗೊತ್ತಾಯಿತು.

ಹುಡುಗಿಯ ತಾಯಿ ಹಟ್ಟಿಯಿಂದ ಓಡಿ ಬಂದಳು. ನಿನ್ನ ಕೊಪ್ಪರಿಗೆ ಕೋರ್ಟಿಗೆ ಹೋಯ್ತಂತಲ್ಲವ್ವಾ ಎಂದಳು. ಬೇರೆ ಕಡೆ ನೋಡಲಾ ಎಂದು ಕೇಳಿದಳು, ಬೇರೆ ಕಡೆ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಿನ್ನ ಎಲೆ ತಿಂದಿದ್ದೇನೆ, ಬರುತ್ತದೆ ಹೋಗು ಎಂದು ಕಳಿಸಿದೆ. ಹೇಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗಂಡನನ್ನು ಕೇಳಿದ್ದಕ್ಕೆ, ದಂಡ ಕಟ್ಟಿದರೆ ಸೋತ ಹಾಗಾಗುತ್ತದೆ, ಹರಾಜಿನ ದಿನ ನೋಡೋಣ ಎಂದ. ಹರಾಜು ಮದುವೆಯ ಆಮೇಲೆ.

ಮದುವೆ ಹತ್ತಿರಕ್ಕೆ ಬಂದಾಗ ನಾನೇ ಪೇಟೆಗೆ ಹೊರಟೆ. ಕೋರ್ಟಿನ ಜಗಲಿಯಲ್ಲಿ ಜಪ್ತಿ ಸಾಮಾನೆಲ್ಲ ಬಿದ್ದಿದ್ದವು. ಗೋಡೆ ಗಡಿಯಾರ ಇತ್ತು, ಬಿಂದಿಗೆಗಳಿದ್ದವು, ದೀಪದ ಕಂಬದ ಮೇಲೆ ಯಾರೋ ಟವೆಲು ಒಣಗಿಸಲು ಹಾಕಿದ್ದರು. ಕೊಪ್ಪರಿಗೆ ಇರಲಿಲ್ಲ. ಅಮೀನ ಎಲ್ಲಿ ಎಂದು ಕೇಳಿದರೆ ರಜಾ ಎಂದರು. ಕೊಪ್ಪರಿಗೆ ಎಲ್ಲಿ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಭದ್ರವಾದ ಜಾಗದಲ್ಲಿದೆ ಎಂದರು. ನನ್ನ ಗಂಡನೂ ಇದೇ ಮಾತು ಹೇಳಿದ್ದ, ಎಮ್ಮೆಯ ಪಕ್ಕ ಇಟ್ಟು.

ಬೇವಿನ ಮರದ ಕೆಳಗೆ ಕೂತೆ. ಸ್ವಲ್ಪ ಹೊತ್ತಿಗೆ ಆ ದಪ್ಪ ಜವಾನ ಹೆಗಲ ಮೇಲೆ ಬಾಳೆ ಎಲೆಯ ದೊಡ್ಡ ಕಟ್ಟು ಹೊತ್ತು ಬೀದಿಯಲ್ಲಿ ಹೋಗುವುದು ಕಂಡಿತು. ಕೋರ್ಟಿನ ಜವಾನನಿಗೆ ಬಾಳೆ ಎಲೆ ಏಕೆ? ಎದ್ದು ಸೆರಗು ಕೊಡವಿಕೊಂಡು ಹಿಂದೆಯೇ ಹೋದೆ. ಎರಡು ಓಣಿ ದಾಟಿ ಒಂದು ಹಂಚಿನ ಮನೆಗೆ ನುಗ್ಗಿದ. ಮುಂದೆ ಚಪ್ಪರ, ಮಾವಿನ ತೋರಣ. ಅಮೀನನ ಮೊಮ್ಮಗನಿಗೆ ನಾಮಕರಣ.

ಹಿತ್ತಲ ಕಡೆಯಿಂದ ಹೋದೆ. ಮೂರು ಕಲ್ಲಿನ ಒಲೆಯ ಮೇಲೆ ನನ್ನ ಕೊಪ್ಪರಿಗೆ ಕೂತಿತ್ತು. ಅಡಿಗೆಯವನು ಕಬ್ಬಿಣದ ಸೌಟು ಹಾಕಿ ತಳ ಕೆರೆಯುತ್ತಿದ್ದ, ಅನ್ನ ಸೀದ ವಾಸನೆ ಬರುತ್ತಿತ್ತು. ಮೊದಲು ಆ ಸೌಟು ಕಿತ್ತುಕೊಂಡು ಆಚೆ ಎಸೆದೆ. ಯಾರೋ ಹತ್ತಿರದ ನೆಂಟರವಳಿರಬೇಕು ಎಂದುಕೊಂಡು ಅಡಿಗೆಯವನು ಒಲೆಯಿಂದ ಹಿಂದೆ ಸರಿದ. ಆಮೇಲೆ ಕಾಲು ತೊಳೆದುಕೊಂಡು ಚಪ್ಪರಕ್ಕೆ ಬಂದು ಹೆಂಗಸರ ಪಂಕ್ತಿಯಲ್ಲಿ ಕೂತೆ. ಎಲೆ ಹಾಕಿದರು, ಬಡಿಸಿದರು, ತಿಂದೆ. ನನ್ನ ಪಾತ್ರೆಯ ಅನ್ನ ನಾನು ತಿನ್ನಲು ಯಾರ ಅಪ್ಪಣೆ ಬೇಕು? ಎದುರಿನ ಸಾಲಿನಲ್ಲಿ ಕೋರ್ಟಿನ ದೊಡ್ಡ ಗುಮಾಸ್ತರು, ಸಣ್ಣ ಗುಮಾಸ್ತರು ಎಲ್ಲರೂ ಕೂತಿದ್ದರು. ಇದು ಯಾವ ಕೊಪ್ಪರಿಗೆಯ ಅನ್ನವೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಎರಡೆರಡು ಸಲ ಹಾಕಿಸಿಕೊಂಡರು.

ಅಮೀನನ ಹೆಂಡತಿ ಪಾಯಸ ಹಿಡಿದು ಬಂದಳು. ಒಳ್ಳೆಯ ಹೆಂಗಸು, ದುಂಡು ಮುಖ. ನನ್ನ ಗುರುತು ಹತ್ತದೆ ಬಗ್ಗಿ ಕೇಳಿದಳು.

“ಯಾವ ಕಡೆಯೋರವ್ವ ನೀವು?”

“ಕೊಪ್ಪರಿಗೆ ಕಡೆಯೋರು,” ಎಂದೆ.

ಅವಳು ನಕ್ಕಳು. ಅಯ್ಯೋ, ನಮ್ಮನೆಯವರ ಸ್ನೇಹಿತರ ಮನೆಯವರಾ, ಅಷ್ಟು ದೊಡ್ಡ ಪಾತ್ರೆ ಕೊಟ್ಟು ಉಪಕಾರ ಮಾಡಿದಿರಿ ಎಂದು ಇನ್ನೊಂದು ಸೌಟು ಪಾಯಸ ಹಾಕಿದಳು. ಸ್ನೇಹಿತರಿಂದ ಕೇಳಿ ತಂದದ್ದು ಎಂದು ಅಮೀನ ಅವಳಿಗೆ ಹೇಳಿದ್ದನಂತೆ. ಅವಳ ಹಿಂದೆ ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದ ಅಮೀನ ನನ್ನನ್ನು ಕಂಡ. ತುಪ್ಪ ಎಲೆಗೆ ಬೀಳಲಿಲ್ಲ, ನೆಲಕ್ಕೆ ಬಿತ್ತು.

ಊಟ ಮುಗಿಸಿಯೇ ಎದ್ದೆ. ಸೌದೆ ರಾಶಿಯ ಹಿಂದೆ ಅವನು ಕಾಯುತ್ತಿದ್ದ. ಊರಲ್ಲಿ ಕೊಡೆ ಹಿಡಿದು ನಿಂತ ಮನುಷ್ಯನೇ ಇವನು ಎಂದರೆ ನಂಬುವ ಹಾಗಿರಲಿಲ್ಲ. ಅವ್ವಾ, ಕೈ ಮುಗಿತೀನಿ, ದೊಡ್ಡೋರೆಲ್ಲ ಕೂತವ್ರೆ, ಗಲಾಟೆ ಮಾಡಬ್ಯಾಡ ಎಂದ. ನಾನು ಗಲಾಟೆ ಮಾಡಿದ್ದೇನಾ ಎಂದು ಕೇಳಿದೆ. 

“ನೀನು ಬಳಸಿಕೊಂಡಿದ್ದಿ. ಬಳಸಿಕೊಂಡೋರು ಬರಿ ಪಾತ್ರೆ ಕಳಿಸಂಗಿಲ್ಲ. ಅಕ್ಕಿ, ಬೆಲ್ಲ, ಕಾಯಿ ಹಾಕಿ ನಾಳೆ ನನ್ನ ಮನೆ ಬಾಗಿಲಿಗೆ ತಂದು ಇಳಿಸು. ಗಾಡಿ ಬಾಡಿಗೆ ನಿಂದೇ.”

ಅವನು ಹಣೆ ಒರೆಸಿಕೊಂಡ. ತಂದು ಇಳಿಸಿದರೆ ಕಾಗದಕ್ಕೆ ಏನು ಉತ್ತರ ಹೇಳಲಿ, ನಿನ್ನ ಗಂಡ ನಂದೇ ಅಂತ ಪಂಚರ ಮುಂದೆ ಹೇಳಿದ್ದಾನಲ್ಲ, ದಂಡಕ್ಕೆ ಬದಲಿಗೆ ಏನು ತೋರಿಸಲಿ ಎಂದ. ನನ್ನ ಗಂಡನನ್ನು ಅದೇ ಪಂಚರ ಮುಂದೆ ಮತ್ತೆ ಕೇಳು, ಈ ಸಲ ಸರಿಯಾಗಿ ಹೇಳುತ್ತಾನೆ ಎಂದೆ. ಹೇಳದಿದ್ದರೆ ಎಂದ. ಹೇಳದಿದ್ದರೆ ಇವತ್ತಿನ ಊಟದ ರುಚಿ ಹೇಗಿತ್ತು ಎಂದು ನಾನು ಜಡ್ಜ್ ಸಾಹೇಬರಿಗೆ ಹೇಳಬೇಕಾಗುತ್ತದೆ ಎಂದೆ. ಇನ್ನು ಬದಲಿಗೆ ಏನು ಎಂಬುದಕ್ಕೆ, ನನ್ನ ಗಂಡನದೇ ಆದ ಸ್ವತ್ತು ಒಂದಿದೆ, ಅದರ ಮೇಲೆ ಯಾರ ತವರಿನ ಹೆಸರೂ ಇಲ್ಲ, ಭಾವನ ಹಿತ್ತಲ ಬಣವೆಯಲ್ಲಿ ಕೈ ಹಾಕಿ ನೋಡು ಎಂದು ಹೇಳಿ ಬಸ್ಸಿಗೆ ಬಂದೆ.

ಮಾರನೆ ದಿನ ಮಧ್ಯಾಹ್ನ ಗಾಡಿ ಬಂತು. ಕೊಪ್ಪರಿಗೆ ಮೇಲೆ ಕೂತಿತ್ತು, ಬುಡ ಇದ್ದಿಲಿನ ಹಾಗೆ ಕಪ್ಪು. ಒಳಗೆ ಅಕ್ಕಿ, ಬೆಲ್ಲ, ಕಾಯಿ, ಮೇಲೊಂದು ಹಸಿರು ಕುಪ್ಪಸದ ಬಟ್ಟೆ. ಬಟ್ಟೆ ಅಮೀನನ ಹೆಂಡತಿ ಇಟ್ಟದ್ದಿರಬೇಕು. ಅಕ್ಕಿ ಅಮೀನ ಹಾಕಿದ್ದು, ಅರ್ಧ ನುಚ್ಚು.

ಪಂಚರು ಬಂದರು. ಊರೂ ಬಂತು. ಗಂಡನನ್ನು ಒಳಗೆ ಕರೆದು ಎರಡೇ ಮಾತು ಹೇಳಿದ್ದೆ. ಇವತ್ತು ನನ್ನದು ಎಂದು ಹೇಳಿದರೆ ನಾನು ಈ ಕೊಪ್ಪರಿಗೆಯ ಜೊತೆಗೇ ಗಾಡಿ ಹತ್ತಿ ತವರಿಗೆ ಹೋಗುತ್ತೇನೆ, ಆಮೇಲೆ ಮನೆಯಲ್ಲಿ ಇರುವುದೆಲ್ಲಾ ನಿನ್ನದೇ, ಒಲೆಯೂ ಸೇರಿ. ಅವನು ಹೊರಗೆ ಬಂದು ನಿಂತ. ಅಮೀನ ಕೇಳಿದ. ಗಂಡ ನೆಲ ನೋಡಿಕೊಂಡು ಏನೋ ಗೊಣಗಿದ. ಕಿವಿ ಮಂದದ ಹಿರಿಯ ಕೈಯನ್ನು ಕಿವಿಗೆ ಹಿಡಿದು, ಏನಂದ ಎಂದ. ಅಂಗಡಿಯವನು ನನಗೂ ಕೇಳಲಿಲ್ಲ ಎಂದ, ಅವನಿಗೆ ಚೆನ್ನಾಗಿಯೇ ಕೇಳಿತ್ತು.

“ನನ್ನ ಹೆಂಡ್ತಿದು,” ಎಂದ ಗಂಡ.

“ಯಾರ್ದು?” ಎಂದ ಹಿರಿಯ.

“ನನ್ನ ಹೆಂಡ್ತಿದು ಕಣಯ್ಯಾ. ಅವಳ ತವರಿಂದು. ನಂದಲ್ಲ.”

ಮೀಸೆ ಉದುರಿ ಬೀಳಲಿಲ್ಲ. ಇದ್ದ ಕಡೆಯೇ ಇತ್ತು. ಜವಾನ ಕೊಪ್ಪರಿಗೆಯನ್ನು ಇಳಿಸಿದ. ಗಂಡ ಮುಗಿಯಿತು ಎಂದು ಉಸಿರು ಬಿಟ್ಟ. ಆದರೆ ಅಮೀನ ಗಾಡಿ ಹತ್ತಲಿಲ್ಲ, ಕೊಡೆ ಊರಿಕೊಂಡು ನೇರವಾಗಿ ಭಾವನ ಹಿತ್ತಲಿಗೆ ನಡೆದ. ಬಣವೆಯಿಂದ ಕಂಬಳಿ ಹೊರಗೆ ಬಂತು, ಕಂಬಳಿಯಿಂದ ಸೈಕಲ್ಲು ಬಂತು. ಹುಲ್ಲಿನ ಪುಡಿ ಬಿಟ್ಟರೆ ಒಂದು ಗೆರೆ ಬಿದ್ದಿರಲಿಲ್ಲ. ಗಂಡ ನನ್ನ ಮುಖ ನೋಡಿದ. ನಾನು ಅಕ್ಕಿಯ ಕಲ್ಲು ಆರಿಸುತ್ತಿದ್ದೆ.

ಸೈಕಲ್ಲನ್ನು ಗಾಡಿಗೆ ಕಟ್ಟಿ ಹೊರಟರು. ಊರ ಬಾಗಿಲು ದಾಟುವ ಮುಂಚೆ ನನ್ನ ಗಂಡ ಪಂಚೆ ಎತ್ತಿ ಕಟ್ಟಿಕೊಂಡು ಹಿಂದೆ ಓಡಿದ. ಸೊಂಟದ ಚೀಲ ಬಿಚ್ಚಿ, ದಂಡ ಪೂರ್ತಿ, ನಿಂತ ನಿಲುವಿನಲ್ಲಿ ಕಟ್ಟಿ, ರಸೀದಿ ಹಿಡಿದು ಸೈಕಲ್ಲನ್ನು ತಳ್ಳಿಕೊಂಡು ಬಂದ. ಇಷ್ಟು ದಿನವೂ ದುಡ್ಡು ಅವನ ಸೊಂಟದಲ್ಲೇ ಇತ್ತು. ಕೊಪ್ಪರಿಗೆ ಗಾಡಿಯಲ್ಲಿ ಹೋದಾಗ ಅದು ಕಾನೂನಿನ ಪ್ರಶ್ನೆಯಾಗಿತ್ತು, ಸೋಲು ಗೆಲುವಿನ ಪ್ರಶ್ನೆಯಾಗಿತ್ತು. ಸೈಕಲ್ಲು ಹೋಗುವಾಗ ಬರೀ ದುಡ್ಡಿನ ಪ್ರಶ್ನೆಯಾಯಿತು. ಅವನು ಇನ್ನೂ ಬಹಳ ವರ್ಷ ಬದುಕಿದ, ಮಕ್ಕಳಿಗೆ ಮದುವೆ ಮಾಡಿದ, ಕಾಯಿಲೆ ಬಿದ್ದಾಗ ನಾನೇ ನೋಡಿಕೊಂಡೆ. ಆದರೆ ಅವತ್ತು ಅವನು ಗಾಡಿಯ ಹಿಂದೆ ಓಡಿದ ಆ ಓಟವನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಅವನು ಏನು ಹೇಳಿದರೂ ನನಗೆ ಅದೇ ಕಾಣುತ್ತಿತ್ತು.

ಪೆನ್ನಿನವನು ಸಂಜೆ ಬಂದು, ಅಮೀನ ಮಾಡಿದ್ದು ಕಾನೂನಿಗೆ ವಿರುದ್ಧ, ಮೇಲಿನವರಿಗೆ ಒಂದು ಅರ್ಜಿ ಬರೆಯೋಣ ಎಂದ. ನಾನು ಜಗಲಿ ಗುಡಿಸುತ್ತಿದ್ದೆ, ಅವನು ಕೂತಿದ್ದ ಕಡೆಯೂ ಗುಡಿಸಿದೆ. ಎದ್ದು ಹೋದ.

ಮಾರನೆ ಬೆಳಿಗ್ಗೆ ಬೇಗ ಎದ್ದೆ, ಅದು ಮದುವೆಯ ಹಿಂದಿನ ದಿನ. ಬೂದಿ ಹಚ್ಚಿ ಕೊಪ್ಪರಿಗೆಯ ಒಳಭಾಗವನ್ನು ಮಾತ್ರ ತಿಕ್ಕಿ ತೊಳೆದೆ. ಕಬ್ಬಿಣದ ಸೌಟು ಎಳೆದ ಗೆರೆಗಳು ಹೋಗಲಿಲ್ಲ. ಹೊರಗಿನ ಮಸಿಗೆ ಕೈ ಹಚ್ಚಲಿಲ್ಲ. ಗಂಡ ಎಣ್ಣೆ ಬಟ್ಟೆ ಹಿಡಿದು ಸೈಕಲ್ಲಿನ ಮುಂದೆ ಕೂತಿದ್ದ. ಸೈಕಲ್ಲನ್ನು ಎಳೆದು ನಿಲ್ಲಿಸಿ, ಹಿಂದಿನ ಕ್ಯಾರಿಯರಿನ ಮೇಲೆ ಕೊಪ್ಪರಿಗೆಯನ್ನು ಎತ್ತಿಡು ಎಂದೆ. ಮಸಿ ಹತ್ತುತ್ತದೆ ಎಂದ. ಹತ್ತಲಿ ಎಂದೆ. ಹಗ್ಗ ನಾನೇ ಬಿಗಿದೆ. ಅವನು ತಳ್ಳಿದ, ನಾನು ಹಿಂದಿನಿಂದ ಕೊಪ್ಪರಿಗೆಯ ಬಳೆ ಹಿಡಿದುಕೊಂಡು ನಡೆದೆ. ಹಟ್ಟಿಯಲ್ಲಿ ಹುಡುಗಿಯ ತಾಯಿ ಒಲೆಗೆ ಕಲ್ಲು ಹೂಡಿಸುತ್ತಿದ್ದಳು. ಕೊಪ್ಪರಿಗೆ ಇಳಿಸಿ, ಮರದ ಸೌಟು ಬಿಟ್ಟು ಬೇರೆ ಹಾಕಬೇಡ ಎಂದು ಅವಳಿಗೆ ಹೇಳಿ, ಅಕ್ಕಿ ತೊಳೆಯಲು ಕೂತೆ.